ಉಣ್ಣೆ ತಿಂದ ಕುರಿ

ಮೂರನೆಯ ಸುತ್ತು ಪಾಕ ಹಾಕಿದರೂ ಎಳ್ಳಿಗೆ ಇನ್ನೂ ಮುಳ್ಳು ಬಂದಿರಲಿಲ್ಲ. ನಿಂಗವ್ವ ಕರೆಂಟಿನ ಒಲೆಯ ಮೇಲಿಟ್ಟ ಹಿತ್ತಾಳೆ ಪರಾತದಲ್ಲಿ ಬಲಗೈಯ ಬೆರಳುಗಳನ್ನು ಆಡಿಸುತ್ತಲೇ ಎಡಗೈಯಿಂದ ಚಮಚ ಓರೆ ಮಾಡಿ ನಾಲ್ಕು ಹನಿ ಸಕ್ಕರೆ ಪಾಕ ಬಿಟ್ಟಳು. ಬಿಳಿ ಎಳ್ಳು ಒಮ್ಮೆ ಅಂಟಿಕೊಂಡು, ಬೆರಳ ಸಂದಿಯಲ್ಲಿ ಉರುಳಿ, ಮತ್ತೆ ಬಿಡಿಬಿಡಿಯಾಯಿತು. ಕುಸುರೆಳ್ಳು ಮಾಡುವವರಿಗೆ ಅವಸರ ಸಲ್ಲದು. ಪಾಕ ಹೆಚ್ಚಾದರೆ ಗಂಟು, ಉರಿ ಹೆಚ್ಚಾದರೆ ಕೆಂಪು. ಕೈ ನಿಂತರೆ ಮಾಡಿದ್ದೆಲ್ಲ ಹಾಳು. ದಿನಾ ಇಷ್ಟಿಷ್ಟು ಹೊತ್ತು ನಿಂತು ಹನಿಯ ಮೇಲೆ ಹನಿ ಕೂಡಿಸಿ, ಸಂಕ್ರಾಂತಿಯ ಹೊತ್ತಿಗೆ ಒಂದೊಂದು ಕಾಳಿನ ಮೈಮೇಲೂ ಸಕ್ಕರೆಯ ಸಣ್ಣ ಮುಳ್ಳುಗಳನ್ನು ಎಬ್ಬಿಸಬೇಕು. ಚಳಿ ಬಿದ್ದಷ್ಟೂ ಮುಳ್ಳು ಚೆನ್ನ ಎನ್ನುತ್ತಾರೆ. ಹಾಗೆ ನೋಡಿದರೆ ಕೆನಡಾದ ಈ ಸ್ಕಾರ್‌ಬರೋದಂಥ ಊರು ಕುಸುರೆಳ್ಳಿಗೆ ಇನ್ನೊಂದು ಸಿಗಲಾರದು.

ಹೊರಗೆ ಹಿಮ ಅಡುಗೆಮನೆಯ ಕಿಟಕಿಯ ಅರ್ಧಕ್ಕೆ ಬಂದು ನಿಂತಿತ್ತು. ತೊಂಬತ್ತೊಂಬತ್ತನೆಯ ಇಸವಿ ಹುಟ್ಟಿದ ಮರುದಿನವೇ ಶುರುವಾದದ್ದು, ನಡುನಡುವೆ ಉಸಿರು ತೆಗೆದುಕೊಂಡು ಮತ್ತೆ ಮತ್ತೆ ಬೀಳುತ್ತಿತ್ತು. ಮನೆ ಮುಂದೆ ನಿಂತ ಕಾರು ಈಗ ಬರೀ ಒಂದು ಉಬ್ಬು.

"ಅತ್ತಿ, ಬೆರಳು ಸುಡಂಗಿಲ್ಲೇನ್ರಿ?" ಎಂದಳು ಸೊಸೆ ಶಿವಾನಿ. ಅವಳು ಮೇಜಿನ ಮುಂದೆ ಕೂತು ಕೂಸಿಗೆ ಹಾಲೂಡಿಸುತ್ತ ಪೇಪರು ಹರಡಿಕೊಂಡಿದ್ದಳು.

"ಮೊದಲ ಸುಡ್ತಿತ್ತು. ನಿನ್ನಷ್ಟ ಇದ್ದಾಗ ಬೊಬ್ಬಿ ಏಳ್ತಿದ್ವು. ಈಗ ಕೆಂಡ ಹಿಡದ್ರೂ ತಿಳಿಯಂಗಿಲ್ಲ ತಗೊ."

"ಪೇಪರಿನ್ಯಾಗ ಪೂರಾ ಪೇಜು ಸ್ನೋನ ಬರದಾರ್ರಿ. ಹಿಂದಕ ಬ್ರಿಟಿಷರ ಕಾಲದಾಗ, ಇಲ್ಲಿಂದ ಕೆಳಗ, ಅಮೇರಿಕಾದಾಗ ನ್ಯೂ ಇಂಗ್ಲೆಂಡ್ ಅನ್ನೋ ಕಡೆ ಹಿಂಗ ಆಗಿತ್ತಂತ. ಒಂದರ ಹಿಂದ ಒಂದು ನಾಕು ಸ್ಟಾರ್ಮು. ಮುನ್ನೂರು ವರ್ಷದ ಹತ್ರ ಆತು. ಜನಾ ಮಾಳಿಗಿ ಕಿಡಕ್ಯಾಗಿಂದ ಇಳದು ಹೊರಗ ಬರ್ತಿದ್ರಂತ."

"ಅಮೇರಿಕಾನೂ ಬ್ರಿಟಿಷರದ ಇತ್ತೇನ?"

"ಇತ್ರಿ, ಆವಾಗ."

"ಅವರು ಯಾವದು ಬಿಟ್ಟಾರ, ಬಿಡು."

ಶಿವಾನಿ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಮತ್ತೆ ಓದಿದಳು. "ಇದ ಕೇಳ್ರಿ. ಒಂದು ನಡುಗಡ್ಡ್ಯಾಗ ನೂರು ಕುರಿ ಹಿಮದ ಬುಡಕ ಹೂತು ಹೋದ್ವಂತ. ತಿಂಗಳ ಮ್ಯಾಲೆ ಅಗದು ನೋಡಿದ್ರ ಎರಡ ಬದುಕಿದ್ವು. ಸತ್ತ ಕುರಿ ಉಣ್ಣಿ ತಿಂದು ಜೀವಾ ಹಿಡಕೊಂಡಿದ್ವಂತ್ರಿ."

ನಿಂಗವ್ವನ ಕೈ ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು. ನವಲಗುಂದದ ಕಡೆಯ ಕುರಿಗಾರ ಗದಿಗೆಪ್ಪನ ಮಗಳು ಅವಳು. ನಡೆಯಲು ಕಲಿತದ್ದೇ ಕುರಿಗಳ ಕಾಲ ಸಂದಿಯಲ್ಲಿ.

"ತಿಂತಾವ. ಹಸದ ಕುರಿ ಉಣ್ಣಿ ತಿಂತಾವ. ನಮ್ಮಪ್ಪ ಹೇಳ್ತಿದ್ದ, ಕುರಿ ಚಳಿಗೆ ಸಾಯಂಗಿಲ್ಲ, ಅಲಗಾಡದ ನಿಂತು ಸಾಯ್ತಾವ ಅಂತ. ಗಾಳಿ ಎದ್ದತಂದ್ರ ಒಂದರ ಹೊಟ್ಟಿ ಕೆಳಗ ಒಂದು ತಲಿ ಇಟ್ಟು ನಿಂತ ಬಿಡ್ತಾವ. ಮುಂದಿಂದು ಬಿದ್ದರೂ ಹಿಂದಿಂದು ನಿಂತ ಇರ್ತೈತಿ."

"ಆ ಎರಡು ಆಮ್ಯಾಲೆ ಏನಾದ್ವೋ ಏನೋ. ಅದನ್ನ ಬರದಿಲ್ಲ."

"ಏನಾಗ್ತಾವ? ಕಡಕೊಂಡು ತಿಂದಿರ್ತಾರ."

ಶಿವಾನಿ ನಕ್ಕಳು. ನಕ್ಕ ಕೂಡಲೇ ಕೈ ಕೆನ್ನೆಗೆ ಹೋಯಿತು. ಎಡಗಣ್ಣಿನ ಕೆಳಗಿನ ಬಾವು ನೀಲಿ ದಾಟಿ ಈಗ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಅವಳು ಪೇಪರನ್ನು ಮುಖದೆತ್ತರಕ್ಕೆ ಹಿಡಿದುಕೊಂಡಳು. ನಿಂಗವ್ವ ಪರಾತದೊಳಗೆ ನೋಡಿದಳು.

ಆ ಏಟು ಬಿದ್ದದ್ದು ಮೊದಲ ಹಿಮದ ದಿನ. ಮಗ ನಿಜಗುಣ ಪಕ್ಕದ ಊರು ಮಾರ್ಕಮಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುವವನು. ಮೆತ್ತಗಿನ ದನಿಯವನು; ಊರಿಗೆ ಫೋನು ಮಾಡಿದಾಗಲೆಲ್ಲ ಮೊದಲು "ಮಂಡಿನೋವು ಹೆಂಗೈತಿ ಬೇ" ಎಂದು ಕೇಳುವವನು. ಹೆಂಡತಿಯ ಬಾಣಂತನಕ್ಕೆಂದು ತಾಯಿಯನ್ನು ಕರೆಸಿಕೊಳ್ಳುವಾಗ, ಏರ್‌ಪೋರ್ಟಿನಲ್ಲಿ ಯಾರ ಹತ್ತಿರ ಬಂದಿ ಎಂದು ಕೇಳಿದರೆ ಏನು ಹೇಳಬೇಕೆಂದು ದಿನಾ ಫೋನಿನಲ್ಲಿ ಬಾಯಿಪಾಠ ಮಾಡಿಸಿದ್ದ: "ಮೈ ಸನ್ ಅನ್ನು. ಅಷ್ಟ ಸಾಕು." ಅವಳು ಅಷ್ಟೇ ಅಂದಿದ್ದಳು, ಆಫೀಸರ ನಕ್ಕು ಠಸ್ಸೆ ಒತ್ತಿದ್ದ.

ಆ ಮಗನೇ ಹಿಮ ಬಿದ್ದು ಮನೆಯಲ್ಲಿ ಕೂತ ಮೊದಲ ದಿನ, ಚಹಾ ತಣ್ಣಗಾಗಿದೆ ಎಂದು ಕಪ್ಪನ್ನು ಗೋಡೆಗೆ ಒಗೆದ. "ಕಾಯಿಸಿಕೊಡ್ತೀನಿ, ಅದಕ್ಕ್ಯಾಕ ಹಂಗ" ಎಂದ ಶಿವಾನಿಯ ಕೂದಲು ಹಿಡಿದು ಮುಖವನ್ನು ಕಪಾಟಿನ ಬಾಗಿಲಿಗೆ ಬಡಿದ. ಒಂದೇ ಸಲ. ಅಷ್ಟು ಸಲೀಸಾಗಿ ಬಡಿದ ಕೈ ಹೊಸದಲ್ಲ ಎನ್ನುವುದು ನಿಂಗವ್ವನಿಗೆ ತಿಳಿಯಿತು. ಕೂದಲನ್ನು ಮುಷ್ಟಿಗೆ ಸುತ್ತಿಕೊಳ್ಳುವ ಆ ರೀತಿಯನ್ನು ಅವಳು ಬಲ್ಲಳು. ಅವನ ಅಪ್ಪ ರೇವಣಸಿದ್ದಪ್ಪ ಹಾಗೇ ಸುತ್ತಿಕೊಳ್ಳುತ್ತಿದ್ದ, ಎರಡು ಸುತ್ತು.

ಅವಳು ಮಾಡಿದ್ದೇನು? ಕಪ್ಪಿನ ಚೂರು ಆರಿಸಿದಳು. ಸೊಸೆಯ ಕೆನ್ನೆಗೆ ಐಸು ಒತ್ತಿದಳು. "ಹೊಟ್ಟ್ಯಾಗ ಹಾಕ್ಕೊ ಯವ್ವಾ. ಗಂಡಸರು ಮನ್ಯಾಗ ಕುಂತ್ರ ಹಂಗ. ಸ್ನೋ ಕರಗಿದ್ರ ಅವನೂ ಕರಗ್ತಾನ" ಎಂದಳು. ಅವಳ ಅತ್ತೆ ದ್ಯಾಮವ್ವ ಅವಳಿಗೆ ಹೇಳುತ್ತಿದ್ದುದೂ ಇದನ್ನೇ, ಸ್ನೋ ಒಂದನ್ನು ಬಿಟ್ಟು.

ಮನೆ ಜೋಡಿ ಮನೆ. ನಡುವೆ ಒಂದೇ ಗೋಡೆ. ಆಚೆಗೆ ಮೈಸೂರಿನ ಕಡೆಯ ಚಂದ್ರಮೋಹನ, ಅವನ ಹೆಂಡತಿ ರತ್ನಾ. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲಿನ ಹಿಮ ಎತ್ತುತ್ತಿದ್ದ ಚಂದ್ರಮೋಹನ ಸಲಿಕೆಗೆ ಒರಗಿ ಕೇಳಿದ್ದ: "ಏನಮ್ಮಾ, ನಿನ್ನೆ ಏನೋ ಭಾರಿ ಸದ್ದು? ನಮ್ಮ ಗೋಡೆ ಮೇಲಿದ್ದ ಫೋಟೋನೇ ಅಲ್ಲಾಡೋಯ್ತು."

"ಕಪಾಟು ಬಿತ್ರಿ," ಎಂದಿದ್ದಳು ನಿಂಗವ್ವ, ಯೋಚನೆಯನ್ನೂ ಮಾಡದೆ. ಆ ಸುಳ್ಳು ಅವಳ ನಾಲಿಗೆಯ ಮೇಲೆ ಎಷ್ಟೋ ವರ್ಷಗಳಿಂದ ಸಿದ್ಧವಾಗಿತ್ತು. ಊರಲ್ಲಿ ಅದು ಕಪಾಟಲ್ಲ, ಅಟ್ಟ. ಅಟ್ಟದಿಂದ ಬಿದ್ದೆ, ಎಮ್ಮೆ ಒದೀತು, ಕಾಲು ಜಾರಿತು.

ಅವಳ ನಂಬಿಕೆಯೆಲ್ಲ ಈ ಪರಾತದ ಮೇಲಿತ್ತು. ಊರಲ್ಲಿ ಸಂಕ್ರಾಂತಿಯ ದಿನ ದ್ಯಾಮವ್ವ ಗಂಡಹೆಂಡತಿ ಇಬ್ಬರನ್ನೂ ಎದುರು ಕೂರಿಸಿ ಇಬ್ಬರ ಅಂಗೈಯಲ್ಲೂ ಕುಸುರೆಳ್ಳು ಇಡುತ್ತಿದ್ದಳು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡ್ರಿ. ಹಳೇದ ತಗೀಬ್ಯಾಡ್ರಿ." ತಿಂದ ಮೇಲೆ ಹಿಂದಿನದನ್ನು ಎತ್ತಿದವರೇ ತಪ್ಪಿತಸ್ಥರು. ರೇವಣಸಿದ್ದಪ್ಪ ತಿಂದು, ಮೀಸೆ ಒರೆಸಿಕೊಂಡು, ಕೆಲವು ದಿನ ಮನುಷ್ಯನಂತೆ ಇರುತ್ತಿದ್ದ. ಅವನು ಸತ್ತು ಎಂಟು ವರ್ಷವಾಗಿತ್ತು. ಅವನ ಮಗನೂ ತಿಂದರೆ ಸರಿಹೋಗುತ್ತಾನೆ, ಅಪ್ಪನಷ್ಟಂತೂ ಆಗಿಲ್ಲವಲ್ಲ ಎಂದುಕೊಂಡು ನಿಂಗವ್ವ ಹನಿ ಎಣಿಸುತ್ತಿದ್ದಳು. ಅಪ್ಪನಷ್ಟು ಆಗಬಾರದು, ಸೊಸೆ ತನ್ನಷ್ಟು ಆಗಬಾರದು. ಅವಳ ಹರಕೆ ಇದೊಂದೇ.

ನಡುವೆ ಎರಡು ದಿನ ರಸ್ತೆ ತೆರೆದಿತ್ತು. ನಿಜಗುಣ ಬೆಳಿಗ್ಗೆ ಎಂದಿನಂತೆ "ಬೇ, ಡೋರ್ ಲಾಕ್ ಮಾಡ್ಕೊ" ಎಂದು ಹೇಳಿ ಬಸ್ಸು ಹಿಡಿದು ಹೋಗಿ ಬಂದ. ಅವನು ಇಲ್ಲದ ಹೊತ್ತಿನಲ್ಲಿ ರತ್ನಾ ಬಂದು ಹೋದಳು. ಒಳಗಿನ ಕೋಣೆಯಲ್ಲಿ ಸೊಸೆಯೂ ಅವಳೂ ಬಾಗಿಲು ಮುಚ್ಚಿಕೊಂಡು ಮಾತಾಡಿದರು. ಹೊರಬಂದಾಗ ಶಿವಾನಿಯ ಕಣ್ಣು ಕೆಂಪಾಗಿತ್ತು. ರತ್ನಾ ನಿಂಗವ್ವನನ್ನು ನೋಡಿ, "ಕಪಾಟು ಬಿತ್ತು ಅಂದ್ರಂತೆ ಅಮ್ಮ," ಎಂದಳು, ಅಷ್ಟೇ. ನಿಂಗವ್ವನಿಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಮನೆಯ ಮಾತು ಮನೆಯಲ್ಲಿರಬೇಕು.

ಆಮೇಲೆ ದೊಡ್ಡದು ಬಂತು. ಬಾನು ಬೆಳ್ಳಗೆ ಕವುಚಿಕೊಂಡು ಇಳಿಯಿತು. ಸುರಂಗದ ಹೊರಗೆ ಓಡುವ ಊರ ರೈಲು ನಿಂತಿತು, ಸಾಲೆಗಳು ಮುಚ್ಚಿದವು. ಹಿಮ ತೆಗೆಯಲು ಮಿಲಿಟರಿ ಕರೆಸುತ್ತಾರಂತೆ ಎಂದು ಟೀವಿಯಲ್ಲಿ ಬಂತು. ಎತ್ತಿದ ಹಿಮ ಒಗೆಯಲು ಜಾಗವಿಲ್ಲದೆ ಎರಡೂ ಮನೆಯವರು ನಡುವಿನ ಬೇಲಿಯ ಮೇಲೆ ಒಗೆದೊಗೆದು ಅಲ್ಲೊಂದು ಆಳೆತ್ತರದ ಗೋಡೆಯೇ ಎದ್ದಿತ್ತು.

ಸಂಕ್ರಾಂತಿಯ ಹಿಂದಿನ ಮಧ್ಯಾಹ್ನ. ನಿಂಗವ್ವ ಕೊನೆಯ ಸುತ್ತಿನ ಪಾಕ ಹಾಕುತ್ತಿದ್ದಳು. ಮುಳ್ಳು ಎದ್ದಿದ್ದವು, ಮಲ್ಲಿಗೆಯ ಮೊಗ್ಗಿನಷ್ಟು ಬೆಳ್ಳಗೆ. ಹೊರಗೆ ನಿಜಗುಣನೂ ಚಂದ್ರಮೋಹನನೂ ಹಿಮ ಎತ್ತುತ್ತಿದ್ದರು. ಸ್ವಲ್ಪ ತೆರೆದಿದ್ದ ಕಿಟಕಿಯಿಂದ ಅವರ ಮಾತು ಕೇಳುತ್ತಿತ್ತು.

"ಏನಪ್ಪಾ ನಿಜಗುಣ," ಚಂದ್ರಮೋಹನನ ದನಿಯಲ್ಲಿ ನಗು ಇತ್ತು, "ಆಫೀಸು ಇಲ್ದಿದ್ರೆ ಮನೇಲಿ ಕುಸ್ತಿ ಪ್ರಾಕ್ಟೀಸು ಅಂತೆ? ನಮ್ಮ ಮನೆಯೋಳು ಎಲ್ಲಾ ಹೇಳಿದ್ಲು. ಸ್ವಲ್ಪ ನೋಡ್ಕೋ ಮಾರಾಯ. ಇದು ಕೆನಡಾ. ಗೋಡೆ ಬೇರೆ ತೆಳು."

ನಿಜಗುಣನ ಸಲಿಕೆ ಕಲ್ಲಿಗೆ ತಾಕಿ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ತಂತಮ್ಮ ಮನೆ ಸೇರಿದರು; ನಿಜಗುಣ ಒಳಗೆ ಬಂದು ಬೂಟು ಬಿಚ್ಚಿದ. ಎರಡೂ ಬೂಟನ್ನು ಜೋಡಿಸಿಟ್ಟ. ಶಿವಾನಿ ಕೂಸಿನ ಬಟ್ಟೆ ಮಡಚುತ್ತ ಕೂತಿದ್ದಳು, ಬರಿಗಾಲಲ್ಲಿ, ಮನೆಯ ತೆಳು ಚೂಡಿದಾರದಲ್ಲಿ.

"ರತ್ನಾಗ ಏನ ಹೇಳಿದಿ?"

ಅವಳು ಎದ್ದು ನಿಂತಳು.

"ಕೇಳಾಕತ್ತೀನಿ. ಏನ ಹೇಳಿದಿ?"

"ಇದ್ದದ್ದ ಹೇಳಿದೆ," ಎಂದಳು ಶಿವಾನಿ.

ಅವನು ಹೊಟ್ಟೆಗೆ ಗುದ್ದಿದ. ಅವಳು ಬಾಗಿದಾಗ ಕೂದಲಿಗೆ ಕೈ ಹಾಕಿ ಎರಡು ಸುತ್ತು ಸುತ್ತಿಕೊಂಡ. ನೆಲದ ಮೇಲೆ ಎಳೆದುಕೊಂಡೇ ಹೋದ. ಅವಳ ಹಿಮ್ಮಡಿ ಕುರ್ಚಿಗೆ ತಾಕಿ ಕುರ್ಚಿ ಉರುಳಿತು, ಕೂಸು ಚೀರಿತು. ಬಾಗಿಲು ತೆಗೆದು ಅವಳನ್ನು ಮೆಟ್ಟಿಲ ಮೇಲಕ್ಕೆ ಒಗೆದ. ಮೊಣಕಾಲು ಕಲ್ಲಿಗೆ ಬಡಿದ ಸದ್ದು ಒಳಗೆ ಕೇಳಿತು. "ಹೊರಗಿನವರಿಗೆ ಹೇಳಬೇಕಂದ್ರ ಹೊರಗ ನಿಂತು ಹೇಳು" ಎಂದು ಬಾಗಿಲು ಹಾಕಿ, ಲಾಕು ತಿರುವಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

"ನಿಜಗುಣಾ," ಎಂದಳು ನಿಂಗವ್ವ.

"ನೀ ನಡುವ ಬರಬ್ಯಾಡ ಬೇ."

ಅವಳು ಬರಲಿಲ್ಲ. ಇದೇ ಆಮೇಲೆ ಅವಳನ್ನು ತಿಂದದ್ದು. ಅವಳು ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು, ಒಲೆಯ ಉರಿ ಸಣ್ಣ ಮಾಡಿದಳು. ಸಿಟ್ಟು ಇಳಿಯಲಿ ಎಂದು ಕಾದಳು. ಕಾಯುವುದು ಅವಳಿಗೆ ಗೊತ್ತಿದ್ದ ಕೆಲಸ. ರೇವಣಸಿದ್ದಪ್ಪನೂ ಹೀಗೆ ಅವಳನ್ನು ಹೊರಗೆ ಹಾಕುತ್ತಿದ್ದ. ಅವಳು ಹೋಗಿ ಕುರಿದೊಡ್ಡಿಯಲ್ಲಿ ಕೂರುತ್ತಿದ್ದಳು. ಕುರಿಗಳು ಸರಿದು ಜಾಗ ಕೊಡುತ್ತಿದ್ದವು, ಅವುಗಳ ಹೊಟ್ಟೆಯ ಬಿಸಿ ಅವಳ ಬೆನ್ನಿಗೆ ತಾಕುತ್ತಿತ್ತು. ಬೆಳಗಾಗುತ್ತಿತ್ತು, ಬಾಗಿಲು ತೆರೆಯುತ್ತಿತ್ತು.

ಇಲ್ಲಿ ಕುರಿಗಳಿಲ್ಲ.

ಕಿಟಕಿಯ ಮೇಲರ್ಧದಲ್ಲಿ ಹಿಮ ಅಡ್ಡಡ್ಡ ಬೀಸುತ್ತಿತ್ತು. ಹೊರಗಿನಿಂದ ಬಾಗಿಲು ಬಡಿಯುವ ಸದ್ದು ಮೊದಲು ಬಂತು. ಆಮೇಲೆ ಅದೂ ನಿಂತಿತು, ಅರ್ಧ ಗಂಟೆ ಕಳೆಯಿತು. ಶಿವಾನಿ ಕೂಗಲಿಲ್ಲ. ಒಂದು ಕೂಗು ಹಾಕಿದ್ದರೆ ಗೋಡೆಯಾಚೆಯವರಿಗೆ ಕೇಳುತ್ತಿತ್ತು, ಅದಕ್ಕೇ ಕೂಗಲಿಲ್ಲ. ನಿಂಗವ್ವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟು ವರ್ಷ ಆ ದೊಡ್ಡಿಯಿಂದ ಅವಳೂ ಕೂಗಿರಲಿಲ್ಲ.

ಅಲಗಾಡದ ನಿಂತು ಸಾಯ್ತಾವ.

ಅವಳು ಕೂಸನ್ನು ತೊಟ್ಟಿಲಲ್ಲಿ ಇಳಿಸಿದಳು. ಕೈಗೆ ಬೇರೇನೂ ಸಿಗಲಿಲ್ಲ, ಒಲೆಯ ಮೇಲಿನ ಪರಾತವನ್ನೇ ಎರಡು ಕೈಯಲ್ಲಿ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಬಿಸಿ ಹಿತ್ತಾಳೆ ಅವಳ ಅಂಗೈಗೆ ಸುಡಲಿಲ್ಲ.

"ಬಾಜೂಕ ಸರಿ," ಎಂದಳು.

"ಬೇ, ಹೇಳಿದ್ನಿಲ್ಲ ನಿನಗ…"

ಅವಳು ನಿಲ್ಲಲಿಲ್ಲ. ಪರಾತದ ಅಂಚು ಅವನ ಎದೆಗೆ ತಾಕಿತು. ಸುಟ್ಟಿತೇನೋ, ಅವನು ಹೌಹಾರಿ ಅದನ್ನು ಕೈಯಿಂದ ಹೊಡೆದ. ಪರಾತ ಗೋಡೆಗೆ ಹೋಗಿ ಗಣಗಣ ಸುತ್ತಿತು. ಹತ್ತು ದಿನದ ಕುಸುರೆಳ್ಳು ಹಜಾರದ ತುಂಬ ಚೆಲ್ಲಿತು. ಅದೇ ಕೈ ತಿರುಗಿ ಬಂದು ಅವಳ ಕಿವಿಯ ಮೇಲೆ ಬಿತ್ತು. ಅವಳು ಗೋಡೆ ಹಿಡಿದುಕೊಂಡಳು. ಎಡಗಿವಿಯಲ್ಲಿ ಜೀರುಂಡೆ ಕೂಗತೊಡಗಿತು.

ಮಗ ತಾಯಿಗೆ ಮೊದಲ ಸಲ ಹೊಡೆದಿದ್ದ. ಅವನೂ ತನ್ನ ಕೈಯನ್ನೇ ನೋಡುತ್ತ ಒಂದು ಹೆಜ್ಜೆ ಸರಿದ. ಆ ಒಂದು ಹೆಜ್ಜೆಯ ಸಂದಿಯಲ್ಲಿ ನಿಂಗವ್ವ ಕೈ ತೂರಿಸಿ ಲಾಕು ತಿರುವಿದಳು.

ಶಿವಾನಿ ಮೆಟ್ಟಿಲ ಕೆಳಗೆ, ಹಿಮದ ಗೋಡೆಗೆ ಒರಗಿ, ಮೊಣಕಾಲೊಳಗೆ ತಲೆಯಿಟ್ಟು ಕೂತಿದ್ದಳು. ಕೂದಲಿನ ಮೇಲೆ, ಹೆಗಲ ಮೇಲೆ ಬೆಳ್ಳಗೆ ಕೂತುಬಿಟ್ಟಿತ್ತು. ಪಾದಗಳು ಹಿಮದೊಳಗಿದ್ದವು. ನಿಂಗವ್ವ ಕಂಕುಳಿಗೆ ಕೈ ಹಾಕಿ, ಸತ್ತ ಕುರಿಯನ್ನು ಎಳೆಯುವ ಹಾಗೆ ಎಳೆದು, ಒಂದೊಂದೇ ಮೆಟ್ಟಿಲು ಹತ್ತಿಸಿದಳು. ಹಜಾರದಲ್ಲಿ ಕುಸುರೆಳ್ಳು ಕಾಲಡಿ ನುರಿಯಿತು. ಶಿವಾನಿಗೆ ಅದರ ಮುಳ್ಳು ತಿಳಿಯಲಿಲ್ಲ.

ನಿಜಗುಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಸೊಸೆಯ ಪಾದಗಳು ಮೇಣದ ಹಾಗಿದ್ದವು, ಬೆರಳ ತುದಿ ಬೂದಿ ಬಣ್ಣ. "ಯವ್ವಾ, ಮಾತಾಡ ಬೇ, ಶಿವಾನೀ" ಎನ್ನುತ್ತ ನಿಂಗವ್ವ ಅವಳನ್ನು ಕಂಬಳಿಯಲ್ಲಿ ಸುತ್ತಿದಳು. ಚಳಿ ಹಿಡಿದ ಮೈಗೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ: ಉಪ್ಪಿನ ಶಾಖ. ಬಾಣಂತಿಯರಿಗೆ, ಕೂಸುಗಳಿಗೆ, ಕುರಿಮರಿಗಳಿಗೆ ಕೊಟ್ಟು ಎಬ್ಬಿಸಿದ ಕೈ ಅದು. ಬಾಗಿದ ಪರಾತವನ್ನೇ ತಂದು ಒಲೆಗಿಟ್ಟು, ಹರಳುಪ್ಪು ಹುರಿದು, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದಳು. ತನ್ನ ಅಂಗೈಗೆ ಒತ್ತಿ ನೋಡಿಕೊಂಡಳು. ಹಿತವಾಗಿತ್ತು.

"ಸುಡತೈತೇನ?"

"ಏನೂ ತಿಳಿವಲ್ದು ಅತ್ತಿ," ಎಂದಳು ಶಿವಾನಿ, ಹಲ್ಲು ಕಟಕಟಿಸುತ್ತ.

ತಿಳಿಯುವ ತನಕ ಕೊಡಬೇಕೆಂದು ನಿಂಗವ್ವ ಗಂಟನ್ನು ಮತ್ತೆ ಕಾಯಿಸಿ ಮತ್ತೆ ಒತ್ತಿದಳು, ಅಂಗಾಲಿಗೆ, ಬೆರಳ ಸಂದಿಗೆ, ಹಿಮ್ಮಡಿಗೆ.

ಬೆಳಿಗ್ಗೆ ಎರಡೂ ಪಾದಗಳ ಮೇಲೆ ನೀರು ತುಂಬಿದ ಬೊಬ್ಬೆಗಳು ಎದ್ದಿದ್ದವು. ಗಂಟು ಒತ್ತಿದ ಕಡೆ ತೊಗಲು ಸೀರೆಯ ನೇಯ್ಗೆಯ ಗುರುತಿನ ಸಮೇತ ಬೆಂದಿತ್ತು. ಶಿವಾನಿ ಈಗ ಕಿರುಚುತ್ತಿದ್ದಳು. ನಿಂಗವ್ವ ತನ್ನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಅದರ ಮೇಲೆ ಏನೂ ಆಗಿರಲಿಲ್ಲ.

ನಿಜಗುಣ ಕಾರನ್ನು ಹಿಮದಿಂದ ಬಗೆದು ತೆಗೆದ. ಚಂದ್ರಮೋಹನ ಸಲಿಕೆ ಹಿಡಿದು ಬಂದ. ನಿಜಗುಣ ಶಿವಾನಿಯನ್ನು ಎತ್ತಿಕೊಂಡು ಹೊರಬಂದಾಗ ಅವಳ ಪಾದ ನೋಡಿ ಚಂದ್ರಮೋಹನ ಸಲಿಕೆ ಕೆಳಗಿಟ್ಟ. ನಿನ್ನೆಯ ನಗು ಎಲ್ಲಿ ಹೋಯಿತೋ. ಕೂಸು ಹಾಲು ಕುಡಿಯುವುದಾದ್ದರಿಂದ ಅದನ್ನೆತ್ತಿಕೊಂಡು ನಿಂಗವ್ವನೂ ಹೊರಟಳು.

ಆಸ್ಪತ್ರೆಯಲ್ಲಿ ನರ್ಸಮ್ಮ ಪಾದಗಳನ್ನು ನೋಡಿ, ಶಿವಾನಿಯ ಕೆನ್ನೆಯ ಹಳದಿಯನ್ನು ನೋಡಿ, ಏನೋ ಕೇಳಿದಳು. ನಿಜಗುಣ ಮುಂದೆ ಬಂದು ಉತ್ತರ ಕೊಟ್ಟ. ಅದೇ ಮೆತ್ತಗಿನ ದನಿ. ನಿಂಗವ್ವನಿಗೆ ಇಂಗ್ಲಿಷು ಬರುವುದಿಲ್ಲ, ಆದರೆ ನಡುನಡುವೆ ಕೆಲವು ಮಾತು ಕಲ್ಲಿನ ಹಾಗೆ ಬಂದು ತಾಕಿದವು. ಮದರ್. ವಿಲೇಜ್. ಸಾಲ್ಟ್. ಹಾಟ್. ನರ್ಸಮ್ಮ ತಿರುಗಿ ನಿಂಗವ್ವನನ್ನು ನೋಡಿದಳು. ಆ ನೋಟಕ್ಕೆ ಭಾಷೆ ಬೇಕಾಗಿರಲಿಲ್ಲ. ಅವಳು ಹತ್ತಿರ ಬಂದು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬೆರಳು ಆಡಿಸಿ, "ನೋ. ನೋ ಹಾಟ್" ಎಂದಳು.

ನಿಂಗವ್ವ ತಲೆಯಾಡಿಸಿದಳು. ಶಿವಾನಿ ಏನಾದರೂ ಹೇಳಿಯಾಳೆಂದು ನೋಡಿದಳು. ಶಿವಾನಿಯ ಕಣ್ಣು ಗಂಡನ ಕೈಯ ಮೇಲಿತ್ತು. ಆ ಕೈ ಕೂಸಿನ ತಲೆ ಸವರುತ್ತಿತ್ತು.

ವಾಪಸು ಬರುವಾಗ ರಸ್ತೆಯ ಎರಡೂ ಬದಿ ಹಿಮ ಕಾರಿಗಿಂತ ಎತ್ತರ. ನಿಜಗುಣ ಕನ್ನಡಿಯಲ್ಲಿ ತಾಯಿಯನ್ನು ನೋಡಿದ.

"ಹಂಗ ಹೇಳದ ಬ್ಯಾರೆ ದಾರಿ ಇರಲಿಲ್ಲ ಬೇ. ಆಕಿ ತಾನ ಪೇಪರ ತರಾಕ ಹೊರಗ ಹೋಗಿದ್ಲು, ನೀ ತಿಳೀದ ಶಾಖಾ ಕೊಟ್ಟಿ ಅಂದೆ. ಅದೇನ ಸುಳ್ಳಲ್ಲಲ್ಲ? ಸುಟ್ಟದ್ದು ನೀನ. ನಿನಗ ಯಾರೂ ಏನೂ ಮಾಡಂಗಿಲ್ಲ. ವಯಸ್ಸಾದಾಕಿ, ಹಳ್ಳ್ಯಾಕಿ ಅಂತಾರ, ಬಿಡ್ತಾರ." ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದ, "ಸೋಮವಾರ ಡ್ರೆಸ್ಸಿಂಗ್ ಐತಿ. ನೀನೂ ಬಾ, ಕೂಸಿನ ಹಿಡಿಯಾಕ."

"ಹೂಂ," ಎಂದಳು ನಿಂಗವ್ವ. ಬಲಗಿವಿಯಿಂದ ಕೇಳಿಸಿಕೊಳ್ಳುತ್ತಿದ್ದಳು. ಎಡಗಿವಿಯ ಜೀರುಂಡೆ ನಿಂತಿರಲಿಲ್ಲ.

ಮನೆಗೆ ಬಂದು ಅವಳು ಹಜಾರ ಗುಡಿಸಿದಳು. ಕುಸುರೆಳ್ಳು ಹಿಮದ ನೀರಿಗೆ ಕರಗಿ ನೆಲಕ್ಕೆ ಅಂಟಿಕೊಂಡಿತ್ತು, ಬಟ್ಟೆ ಒದ್ದೆ ಮಾಡಿ ತಿಕ್ಕಬೇಕಾಯಿತು. ಡಬ್ಬಿಯ ತಳದಲ್ಲಿ ಒಂದು ಹಿಡಿ ಎಳ್ಳು ಉಳಿದಿತ್ತು. ಅದನ್ನು ಬಾಗಿದ ಪರಾತಕ್ಕೆ ಹಾಕಿ, ಹೊಸದಾಗಿ ಪಾಕ ಇಟ್ಟಳು. ಹಬ್ಬದ ಮಧ್ಯಾಹ್ನವಾಗಿತ್ತು.

ರತ್ನಾ ಹಿಮ ತುಳಿದುಕೊಂಡು ಸ್ಟೀಲ್ ಡಬ್ಬಿಯಲ್ಲಿ ಎಳ್ಳುಬೆಲ್ಲ ತಂದಳು. ನಿಜಗುಣ ಬಾಗಿಲಲ್ಲೇ ನಿಂತಿದ್ದ. ರತ್ನಾ ಅವನ ಹೆಗಲ ಮೇಲಿಂದ ಇಣುಕಿದಳು. "ಅಮ್ಮಾ, ಶಿವಾನಿ ಕಾಲಿಗೆ ಏನಾಯ್ತು? ನಿಜಗುಣ ಅವ್ರು ಹೇಳ್ತಾರೆ ನೀವು ಉಪ್ಪಿನ ಶಾಖ ಕೊಟ್ಟು ಸುಟ್ರಿ ಅಂತ."

ಒಲೆಯ ಮುಂದಿನಿಂದ ನಿಂಗವ್ವ ತಿರುಗಿದಳು. ಕಪಾಟು ಬಿತ್ತು ಎಂದ ನಾಲಿಗೆ ಮತ್ತೊಂದು ಸುಳ್ಳಿಗೆ ತಯಾರಾಗಿಯೇ ಇತ್ತು. ಅದು ಹೊರಬರಲಿಲ್ಲ. ಪೂರ್ತಿ ನಿಜವೂ ಬರಲಿಲ್ಲ, ಮಗನ ಬೆನ್ನು ಬಾಗಿಲು ತುಂಬಿ ನಿಂತಿರುವಾಗ. ಹೇಳಿದರೆ ಇನ್ನರ್ಧ ಗಳಿಗೆಯಲ್ಲಿ ಆ ಬಾಗಿಲು ಮುಚ್ಚುತ್ತದೆ, ಶಿವಾನಿ ಒಳಗಿರುತ್ತಾಳೆ.

"ಹೌದವಾ, ಸುಟ್ಟೆ," ಎಂದಳು.

ರತ್ನಾ ಡಬ್ಬಿ ಕೊಟ್ಟು ಹಿಂದಿರುಗಿದಳು.

ನಿಜಗುಣ ಲಾಕು ತಿರುವಿ ಅಡುಗೆಮನೆಗೆ ಬಂದ. ಸ್ನಾನ ಮಾಡಿ ಬಿಳಿ ಅಂಗಿ ಹಾಕಿದ್ದ, ಹಣೆಗೆ ವಿಭೂತಿ. ಹುಡುಗನಾಗಿದ್ದಾಗ ಒಲೆಯ ಪಕ್ಕ ಬಂದು ನಿಲ್ಲುತ್ತಿದ್ದ ಹಾಗೇ ಬಂದು ನಿಂತ. ನಿಂಗವ್ವ ಅವನ ಪಾದಗಳನ್ನು ನೋಡಿದಳು. ಈ ಪಾದಗಳಿಗೂ ಅವಳು ಶಾಖ ಕೊಟ್ಟಿದ್ದಳು, ಜ್ವರ ಬಂದಾಗ, ಹದವಾಗಿ, ಆಗಿನ್ನೂ ಬೆರಳಿಗೆ ಬಿಸಿ ತಿಳಿಯುತ್ತಿತ್ತು.

"ನಿನ್ನೆ ಕೈ ತಪ್ಪಿ ಬಡೀತು ಬೇ," ಎಂದ. "ಹಬ್ಬದ ದಿನ ಮನಸಿನ್ಯಾಗ ಇಟಗೋಬ್ಯಾಡ. ಕುಸುರೆಳ್ಳ ಕೊಡು. ಶಿವಾನಿಗೂ ಕೊಡು. ಅಜ್ಜಿ ಹೇಳ್ತಿದ್ಲಲ್ಲ, ತಿಂದು ಒಳ್ಳೆ ಮಾತಾಡೂಣು." ಅಂಗೈ ಚಾಚಿದ.

ನಿಂಗವ್ವ ಆ ಅಂಗೈ ನೋಡಿದಳು. ದ್ಯಾಮವ್ವ ವರ್ಷವರ್ಷವೂ ಇಟ್ಟದ್ದನ್ನು, ತಾನು ತಿಂದು ಅರಗಿಸಿಕೊಂಡದ್ದನ್ನು ನೆನೆದಳು. ಎಷ್ಟು ತಿಂದಿದ್ದಳು! ಅದನ್ನು ತಿಂದೇ ಬದುಕಿದ್ದಳು, ಬದುಕಿದ್ದನ್ನೇ ದೊಡ್ಡದೆಂದುಕೊಂಡಿದ್ದಳು. ಒಳಕೋಣೆಯಲ್ಲಿ ಶಿವಾನಿ ನರಳುತ್ತಿದ್ದಳು.

"ಇನ್ನೂ ಮುಳ್ಳ ಬಂದಿಲ್ಲಪ್ಪ," ಎಂದಳು.

"ಹಂಗ ಕೊಡು, ಏನಾಗ್ತೈತಿ."

"ಆಗಲಿ ತಡಿ. ಆದ ಮ್ಯಾಲೆ ಕೊಡ್ತೀನಿ."

ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಟೀವಿಯ ಮುಂದೆ ಹೋಗಿ ಕೂತ. ಹೊರಗೆ ಮತ್ತೆ ಹಿಮ ಶುರುವಾಗಿತ್ತು.

ನಿಂಗವ್ವ ನಾಲ್ಕು ಹನಿ ಬಿಟ್ಟು ಬೆರಳಾಡಿಸಿದಳು. ಸೋಮವಾರ. ಕೂಸು ತನ್ನ ಕೈಯಲ್ಲಿರುತ್ತದೆ, ಅದನ್ನು ಅವನಿಗೆ ಕೊಡಬಾರದು. ನರ್ಸಮ್ಮ ಹತ್ತಿರ ಬರುತ್ತಾಳೆ, ಬೆರಳು ಆಡಿಸುತ್ತಾಳೆ. ತನಗೆ ಇಂಗ್ಲಿಷು ಬರುವುದಿಲ್ಲ. ಅದೇ ಧೈರ್ಯದ ಮೇಲೆ ಅವನು ತನ್ನನ್ನು ಕರೆದೊಯ್ಯುತ್ತಾನೆ. ಆದರೆ ಎಷ್ಟು ಮಾತು ಬೇಕು? ಒಂದನ್ನು ಅವನೇ ಫೋನಿನಲ್ಲಿ ಬಾಯಿಪಾಠ ಮಾಡಿಸಿದ್ದ. ಇನ್ನೊಂದನ್ನು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದ. ಮೂರನೆಯದು ಈ ಊರಿನ ಎಲ್ಲರ ಬಾಯಲ್ಲೂ ಇತ್ತು. ಶಿವಾನಿಯ ಪಾದ ತೋರಿಸಲು ಬೆರಳು ಸಾಕು, ಕೂದಲು ಎರಡು ಸುತ್ತು ಸುತ್ತಿ ತೋರಿಸಲು ತನ್ನದೇ ತುರುಬು ಇದೆ.

ಆಮೇಲೆ ಅವನಿಗೇನಾಗುತ್ತದೋ ಅದನ್ನೂ ಅವಳು ನೆನೆದಳು, ಪೂರ್ತಿಯಾಗಿ, ಪೊಲೀಸರ ತನಕ. ನೆನೆದು, ಕೈ ನಿಲ್ಲಿಸಲಿಲ್ಲ.

ಮೈ ಸನ್, ಎಂದಳು ತುಟಿಯೊಳಗೇ, ಪರಾತದ ಮೇಲೆ ಬಾಗಿ. ಡೋರ್ ಲಾಕ್. ಸ್ನೋ.

"ಏನ ಬೇ?" ಎಂದ ನಿಜಗುಣ ಆ ಕಡೆಯಿಂದ.

"ಏನಿಲ್ಲಪ್ಪ. ಹನಿ ಎಣಸಾಕತ್ತೀನಿ."